ಹಳೇ ಟ್ರಂಕಿನ ಪತ್ರಿಕೆಗಳು, ಇವತ್ತಿನ ಜಾಹೀರಾತು ಮತ್ತು ನಮ್ಮ ರೊಕ್ಕ

ಹಳೇಹುಬ್ಬಳ್ಳಿ ಓದುಗಿ (ಭಾನುವಾರ ಸಂಜೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಮಾಧಾನದಿಂದ ಓದಿ.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಹೋದ ವಾರ ಅವರ ಟ್ರಂಕು ಇಳಿಸಿ ಧೂಳು ಒರೆಸಿದೆವು. ಒಳಗೆ ಬರೀ ಪತ್ರಿಕೆಗಳು. ಕಸ್ತೂರಿ, ಕರ್ಮವೀರ, ಸುಧಾ, ಆಮೇಲಿನ ವರ್ಷಗಳ ತರಂಗ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಪಗಾರದ ದಿನ ಮನೆಗೆ ಪತ್ರಿಕೆ ಬರುವುದು ತಪ್ಪುತ್ತಿರಲಿಲ್ಲ. ಕಸ್ತೂರಿ ನಮ್ಮ ಹುಬ್ಬಳ್ಳಿಯಲ್ಲೇ 1956ರಲ್ಲಿ ಹುಟ್ಟಿದ್ದು ಅಂತ ಅವರಿಗೆ ಭಾಳ ಅಭಿಮಾನ.

ಕಥೆ ಓದೋಣ ಅಂತ ಕುಳಿತವಳು ಜಾಹೀರಾತು ನೋಡುತ್ತಲೇ ರಾತ್ರಿ ಹನ್ನೊಂದು ಮಾಡಿದೆ.

ಅರವತ್ತು, ಎಪ್ಪತ್ತರ ದಶಕದ ಸಂಚಿಕೆಗಳಲ್ಲಿ ರೊಕ್ಕದ ಜಾಹೀರಾತು ಅಂದರೆ ಉಳಿತಾಯದ ಜಾಹೀರಾತು. ಅಂಚೆ ಕಚೇರಿ, ಎಲ್‌ಐಸಿ, ಬ್ಯಾಂಕಿನ ಠೇವಣಿ. ಚಿತ್ರದಲ್ಲಿ ಒಂದು ಮಗು, ಹಿಂದೆ ಅಪ್ಪ ಅಮ್ಮ. ಇವತ್ತು ತೆಗೆದಿಟ್ಟದ್ದು ನಾಳೆ ಮಗುವಿನ ಓದಿಗೆ, ಮದುವೆಗೆ ಆಗುತ್ತದೆ ಅನ್ನುವ ಮಾತು. ಎಂಬತ್ತರ ದಶಕಕ್ಕೆ ಬಂದರೆ ಟಿವಿ, ಸ್ಕೂಟರ್, ಮಿಕ್ಸರ್. ಒನಿಡಾ ಟಿವಿಯ ಕೊಂಬಿನ ದೆವ್ವ ನಿಮಗೂ ನೆನಪಿರಬೇಕು. ಕೊಂಡವನಿಗೆ ಹೆಮ್ಮೆ, ನೆರೆಯವನಿಗೆ ಹೊಟ್ಟೆಕಿಚ್ಚು ಅನ್ನುವುದೇ ಅದರ ಘೋಷಣೆ. ನಮ್ಮ ಅಮ್ಮ ಹೊಸ ಸೀರೆ ಉಟ್ಟ ದಿನ ಮನೆಗೆ ಬಂದು ದೃಷ್ಟಿ ತೆಗೆಸಿಕೊಳ್ಳುತ್ತಿದ್ದರು. ಹೊಟ್ಟೆಕಿಚ್ಚಿಗೆ ಹೆದರುತ್ತಿದ್ದ ಮಂದಿಗೆ ಹೊಟ್ಟೆಕಿಚ್ಚನ್ನೇ ತೋರಿಸಿ ಟಿವಿ ಮಾರಿದರು.

ಈಗಿನ ಪೇಪರ್ ತೆಗೆದರೆ ಉಳಿತಾಯದ ಜಾಗದಲ್ಲಿ ಸಾಲ ಕುಳಿತಿದೆ. ಆದರೆ ಸಾಲ ಅನ್ನುವ ಅಕ್ಷರ ದೊಡ್ಡದಾಗಿ ಎಲ್ಲೂ ಕಾಣುವುದಿಲ್ಲ. ಲೋನ್, ಇಎಂಐ, ನಿಮ್ಮ ಕನಸು, ಸುಲಭ ಕಂತು. ನಗುವ ಗಂಡ ಹೆಂಡತಿ, ಕೈಯಲ್ಲಿ ಮನೆಯ ಬೀಗದ ಕೈ.

ಮನಸ್ಸಿಗೆ ಹತ್ತಿದ್ದು ಇನ್ನೊಂದು ಇದೆ. ಬಸವ ಜಯಂತಿ ಮತ್ತು ಅಕ್ಷಯ ತೃತೀಯ ಒಂದೇ ದಿನ ಬರುತ್ತವೆ. 2025ರಲ್ಲಿ ಏಪ್ರಿಲ್ 30ಕ್ಕೆ ಬಂದಿತ್ತು. ನಾನು ಸಣ್ಣವಳಿದ್ದಾಗ ಆ ದಿನ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಊರಲ್ಲಿ ಮೆರವಣಿಗೆ ಮಾಡುತ್ತಿದ್ದರು. ಅವತ್ತು ಬಂಗಾರ ಕೊಳ್ಳಬೇಕು ಅಂತ ನಮ್ಮ ಓಣಿಯಲ್ಲಿ ಯಾರ ಬಾಯಲ್ಲೂ ಕೇಳಿದ್ದಿಲ್ಲ. ಈಗ ಆ ದಿನದ ಪೇಪರ್ ಬಿಚ್ಚಿದರೆ ಮೊದಲು ಸಿಗುವುದು ಇಡೀ ಪುಟದ ಆಭರಣದ ಜಾಹೀರಾತು. ತಿರುವಿ ಹಾಕಿದರೆ ಒಳಗೆ ಕಾಯಕ, ದಾಸೋಹದ ಲೇಖನ. ನಮ್ಮಲ್ಲಿ ಬಂಗಾರ ಹಂಚುವ ಹಬ್ಬವೇ ಬೇರೆ ಇದೆ ಅಲ್ವಾ? ದಸರೆಗೆ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಅನ್ನುತ್ತೇವೆ. ಗಿಡದ ಎಲೆ. ಯಾರು ಯಾರಿಗೆ ಬೇಕಾದರೂ ಕೊಡಬಹುದು.

ನನ್ನ ಪ್ರಶ್ನೆ ಇಷ್ಟೇ. ಜಾಹೀರಾತು, ಲೇಖನ ಇವೆಲ್ಲ ರೊಕ್ಕದ ಬಗ್ಗೆ ನಮ್ಮಲ್ಲಿ ಮೊದಲೇ ಇದ್ದ ಬುದ್ಧಿಯನ್ನು ತೋರಿಸುತ್ತವೋ, ಅಥವಾ ಇಲ್ಲದ ಬುದ್ಧಿಯನ್ನು ಕಲಿಸುತ್ತವೋ? ನಿಮ್ಮ ಮನೆಯಲ್ಲಿ, ಕೆಲಸದಲ್ಲಿ ಕಂಡದ್ದನ್ನು ಬರೆಯಿರಿ.

ದುರ್ಗದಬೈಲ್ ಅಂಗಡಿ (ಭಾನುವಾರ ರಾತ್ರಿ)

ಅಕ್ಕಾರ, ಇದಕ್ಕೆ ಉತ್ತರ ನನ್ನ ಅಂಗಡಿಯ ಗೋಡೆ ಮೇಲೇ ಇದೆ.

ನಮ್ಮ ಅಜ್ಜನ ಕಾಲದ ತಗಡಿನ ಬೋರ್ಡು ಇನ್ನೂ ಹಾಗೇ ಇದೆ: "ಇಂದು ನಗದು, ನಾಳೆ ಉದ್ರಿ". ಅದರ ಪಕ್ಕದಲ್ಲೇ ಮೂರು ವರ್ಷದ ಹಿಂದೆ ನನ್ನ ಮಗ ಹಚ್ಚಿದ್ದು: "ಇಎಂಐ ಸೌಲಭ್ಯ ಇದೆ". ನಮ್ಮದು ಮಿಕ್ಸರ್, ಫ್ಯಾನು, ಕುಕ್ಕರ್ ಅಂಗಡಿ.

ಎರಡೂ ಸಾಲವೇ. ಆದರೆ ಉದ್ರಿ ಕೇಳುವವನು ದನಿ ಇಳಿಸಿ ಕೇಳುತ್ತಾನೆ. ಬೇರೆ ಗಿರಾಕಿ ಹೋಗಲಿ ಅಂತ ಕಾಯುತ್ತಾನೆ. ಇಎಂಐ ಕೇಳುವವನು ಗಟ್ಟಿಯಾಗಿ ಕೇಳುತ್ತಾನೆ, ಕುರ್ಚಿ ಎಳೆದು ಕೂರುತ್ತಾನೆ. ಈ ವ್ಯತ್ಯಾಸ ಮಾಡಿದ್ದು ಜಾಹೀರಾತೇ ಅಂತ ನನಗೆ ಅನ್ನಿಸುತ್ತದೆ. ಟಿವಿಯಲ್ಲಿ ನಟ ನಟಿಯರು ಕಂತಿನ ಮೇಲೆ ಫ್ರಿಜ್ ತರುವುದನ್ನು ನೋಡಿ ನೋಡಿ ನಾಚಿಕೆ ಹೋಯಿತು. ನಾಚಿಕೆ ಹೋದದ್ದು ಒಳ್ಳೆಯದೇ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಬಡವ ಕುಕ್ಕರ್ ತೆಗೆದುಕೊಳ್ಳಲು ಯಾಕೆ ತಲೆ ತಗ್ಗಿಸಬೇಕು?

ಆದರೆ ಒಂದು ಮಾತು. ಉದ್ರಿ ಕೊಟ್ಟಾಗ ನನಗೆ ಗಿರಾಕಿಯ ಮನೆ ಗೊತ್ತಿರುತ್ತಿತ್ತು. ಆಸ್ಪತ್ರೆ ಖರ್ಚು ಬಂತು ಅಂದರೆ ಎರಡು ತಿಂಗಳು ಬಿಡುತ್ತಿದ್ದೆ. ಕಂತಿನ ಕಂಪನಿಗೆ ಬರೀ ನಂಬರ್ ಗೊತ್ತು. ಕಂತು ತಪ್ಪಿದರೆ ಗಿರಾಕಿ ಬಂದು ನನ್ನ ಮುಂದೆ ಅಳುತ್ತಾರೆ. ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಧಾರವಾಡ ಮಾಸ್ತರ (ಸೋಮವಾರ ಬೆಳಿಗ್ಗೆ)

ಓದುಗಿಯವರ ಬರಹ ಮನಸ್ಸಿಗೆ ತಟ್ಟಿತು. ಆದರೂ ಒಂದು ಕಡೆ ಒಪ್ಪಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಅರವತ್ತರ ದಶಕದ ಪತ್ರಿಕೆಗಳಲ್ಲಿ ಉಳಿತಾಯವೇ ತುಂಬಿದೆ ಅಂದಿರಿ. ಅವತ್ತು ಪತ್ರಿಕೆ ಕೊಂಡು ಓದುತ್ತಿದ್ದವರು ಯಾರು? ಮಾಸ್ತರರು, ಗುಮಾಸ್ತರು, ರೈಲ್ವೆ ನೌಕರರು, ವಕೀಲರು. ತಿಂಗಳಿಗೊಮ್ಮೆ ಪಗಾರ ಬರುವವರು. ಅವರಿಗೆ ಉಳಿಸಿ ಅಂತ ಹೇಳಬಹುದಿತ್ತು. ನಾನು ನವಲಗುಂದ ತಾಲ್ಲೂಕಿನ ಒಕ್ಕಲುತನದ ಮನೆಯವನು. ನಮ್ಮ ಮನೆಯಲ್ಲಿ ಸಾಲ ಇಲ್ಲದ ವರ್ಷವನ್ನು ನನ್ನಪ್ಪ ಕಂಡಿರಲಿಲ್ಲ. ಬಿತ್ತನೆಗೆ ಸಾಲ, ಸುಗ್ಗಿಗೆ ತೀರಿಕೆ, ಮತ್ತೆ ಸಾಲ. ಸಾವಕಾರನ ಸಾಲಕ್ಕೆ ಯಾವ ಪತ್ರಿಕೆಯಲ್ಲೂ ಜಾಹೀರಾತು ಇರಲಿಲ್ಲ. ಹಾಗಾಗಿ ಟ್ರಂಕು ತೆರೆದಾಗ ಸಾಲವೇ ಇರದ ಸಮಾಜ ಕಂಡ ಹಾಗೆ ಅನ್ನಿಸುತ್ತದೆ. ಪತ್ರಿಕೆ ಸಮಾಜದ ಕನ್ನಡಿ ಅನ್ನುತ್ತಾರೆ. ಆ ಕನ್ನಡಿಯನ್ನು ಯಾರ ಮನೆಯಲ್ಲಿ ತೂಗು ಹಾಕಿದ್ದರು ಅನ್ನುವುದನ್ನೂ ಕೇಳಬೇಕು.

ಅಂಗಡಿ ಅಣ್ಣನವರ ಮಾತಿಗೆ ಒಂದು ಶಬ್ದ ಸೇರಿಸುತ್ತೇನೆ. ಪತ್ತು. ನಮ್ಮ ಕಡೆ ಹಿರಿಯರು "ಪೇಟೆಯಲ್ಲಿ ಅವನಿಗೆ ಪತ್ತು ಇದೆ" ಅನ್ನುತ್ತಿದ್ದರು. ಸಾಲ ಸಿಗುತ್ತದೆ ಅನ್ನುವುದೂ ಅದೇ, ಮಾತಿಗೆ ಬೆಲೆ ಇದೆ ಅನ್ನುವುದೂ ಅದೇ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದರ ಬುನಾದಿಯೂ ಈ ಪತ್ತೇ. 1904ರಲ್ಲಿ ಸಹಕಾರಿ ಪತ್ತಿನ ಕಾಯಿದೆ ಬಂದಿತ್ತು. ಮರುವರ್ಷವೇ ನಮ್ಮ ಹಳ್ಳಿಯ ಮಂದಿ ಅದನ್ನು ಹಿಡಿದು ಸಾವಕಾರನ ಬಡ್ಡಿಯಿಂದ ಬಿಡಿಸಿಕೊಳ್ಳುವ ದಾರಿ ಹುಡುಕಿದರು. ಈಗಲೂ ಊರೂರಲ್ಲಿ ಪತ್ತಿನ ಸಹಕಾರಿ ಸಂಘ ಅನ್ನುವ ಬೋರ್ಡು ಇದೆ. ಆದರೆ ನನ್ನ ವಿದ್ಯಾರ್ಥಿಗಳಿಗೆ ಪತ್ತು ಅಂದರೆ ಏನು ಅಂತ ಕೇಳಿದರೆ ಗೊತ್ತಿಲ್ಲ. ಬ್ಯಾಂಕಿನವರು ಸಾಲ ಕೊಡುವ ಮುಂಚೆ ನೋಡುವ ಸಿಬಿಲ್ ಅಂಕ ಅಂದರೆ ಗೊತ್ತು.

ದುರ್ಗದಬೈಲ್ ಅಂಗಡಿ (ಸೋಮವಾರ ಬೆಳಿಗ್ಗೆ)

ಖರೇ ಮಾತು ಸರ್. ನಮ್ಮ ಅಜ್ಜ ಕೀರ್ದಿ ಪುಸ್ತಕಕ್ಕೆ ದೀಪಾವಳಿಯಲ್ಲಿ ಪೂಜೆ ಮಾಡುವಾಗ "ಪತ್ತು ಉಳಿಸವ್ವಾ" ಅಂತಲೇ ಲಕ್ಷ್ಮಿಗೆ ಕೈ ಮುಗಿಯುತ್ತಿದ್ದರು. ರೊಕ್ಕ ಕೊಡು ಅಂತ ಕೇಳಿದ್ದು ನನಗೆ ನೆನಪಿಲ್ಲ.

ಬ್ಯಾಡಗಿ ಮೆಣಸಿನಕಾಯಿ (ಸೋಮವಾರ ಮಧ್ಯಾಹ್ನ)

ಮಾಸ್ತರ ಸರ್ ರೈತರ ಮಾತು ಎತ್ತಿದ್ದು ಒಳ್ಳೆಯದಾಯಿತು. ನಾನು ಹೇಳಬೇಕಾದ್ದು ಲೇಖನಗಳ ಬಗ್ಗೆ.

ಕೃಷಿ ಪುಟಗಳಲ್ಲಿ ಒಂದೇ ನಮೂನೆಯ ಕಥೆ ಬರುತ್ತದೆ. ಎಕರೆಗೆ ಇಷ್ಟು ಲಕ್ಷ ಗಳಿಸಿದ ಯುವ ರೈತ. ನೌಕರಿ ಬಿಟ್ಟು ಬಂದು ಲಕ್ಷಾಧೀಶನಾದ ಇಂಜಿನಿಯರ್. ನಾನು ಇಂಥ ಲೇಖನ ಬಂದಾಗಲೆಲ್ಲ ಪೆನ್ನು ಹಿಡಿದು ಕೂರುತ್ತೇನೆ. ಬಂದ ಹಣ ಬರೆದಿರುತ್ತಾರೆ. ಬೀಜ, ಗೊಬ್ಬರ, ಔಷಧ, ಆಳಿನ ಕೂಲಿ, ಗಾಡಿ ಬಾಡಿಗೆ, ದಲಾಲಿ, ಬ್ಯಾಂಕಿನ ಬಡ್ಡಿ ಇವು ಅರ್ಧ ಬಿಟ್ಟುಹೋಗಿರುತ್ತವೆ. ಮನೆಯ ಹೆಣ್ಣುಮಕ್ಕಳು ಮೆಣಸಿನಕಾಯಿ ಬಿಡಿಸಿದ, ಒಣಗಿಸಿದ, ತೊಟ್ಟು ತೆಗೆದ ಕೂಲಿಯಂತೂ ಯಾವತ್ತೂ ಲೆಕ್ಕಕ್ಕೆ ಬರುವುದಿಲ್ಲ. ಅವೆಲ್ಲ ಕಳೆದರೆ ಉಳಿಯುವುದು ಎಷ್ಟು? ಅದನ್ನು ಬರೆದ ಲೇಖನ ನನ್ನ ಕೈಗೆ ಸಿಕ್ಕಿದ್ದು ಬಹಳ ಕಡಿಮೆ.

ಅದೇ ಪುಟದ ಕೆಳಗೆ ಬೀಜದ ಜಾಹೀರಾತು. ಬಿಳೀ ಅಂಗಿ ತೊಟ್ಟ ರೈತ, ಹಿಂದೆ ಟ್ರ್ಯಾಕ್ಟರ್. ಅವನ ಬಟ್ಟೆಗೆ ಮಣ್ಣು ಹತ್ತಿರುವುದಿಲ್ಲ. ಮೇಲಿನ ಲೇಖನ, ಕೆಳಗಿನ ಜಾಹೀರಾತು ಎರಡನ್ನೂ ಒಟ್ಟಿಗೆ ಓದಿದ ನನ್ನ ತಮ್ಮನಂಥವನು ಏನು ತಿಳಿಯುತ್ತಾನೆ ಹೇಳಿ. ಗಳಿಸದವನು ದಡ್ಡ, ಸೋಮಾರಿ ಅಂತ ತಿಳಿಯುತ್ತಾನೆ. ದರ ಬೀಳುವುದು ರೈತನ ತಪ್ಪಲ್ಲ ಅಂತ ಯಾರು ಹೇಳುತ್ತಾರೆ?

2024ರ ಮಾರ್ಚ್‌ನಲ್ಲಿ ದರ ಬಿದ್ದ ದಿನ ಬ್ಯಾಡಗಿ ಎಪಿಎಂಸಿಯಲ್ಲಿ ಬೆಂಕಿ ಬಿತ್ತು. ಆಗ ಎಲ್ಲ ಪೇಪರಿನವರೂ ಬಂದರು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ರೈತ ಪೇಪರಿನಲ್ಲಿ ಬರುವುದು ಲಕ್ಷ ಗಳಿಸಿದಾಗ ಅಥವಾ ಬೆಂಕಿ ಬಿದ್ದಾಗ. ನಡುವಿನ ಮುನ್ನೂರು ಚಿಲ್ಲರೆ ದಿನ ಅವನು ಏನು ಮಾಡುತ್ತಾನೆ ಅನ್ನುವುದು ಯಾರಿಗೂ ಬೇಡ.

ಗದಗ ಡಿಟಿಪಿ (ಸೋಮವಾರ ರಾತ್ರಿ)

ನಾನು ಈ ವೇದಿಕೆಯಲ್ಲಿ ಬರೆಯುವುದು ಕಡಿಮೆ. ಈ ವಿಷಯಕ್ಕೆ ಸುಮ್ನೆ ಇರಲು ಆಗಲಿಲ್ಲ.

ನಮ್ಮ ಗದಗಕ್ಕೆ ಮುದ್ರಣ ಕಾಶಿ ಅನ್ನುವ ಹೆಸರಿದೆ. ನಾನು ಹದಿನೆಂಟು ವರ್ಷದಿಂದ ಅಕ್ಷರ ಜೋಡಿಸುವ ಕೆಲಸದಲ್ಲಿದ್ದೇನೆ. ಮೊದಲು ಲಗ್ನಪತ್ರಿಕೆ, ಈಗ ಪೇಪರಿಗೆ ಹೋಗುವ ಜಾಹೀರಾತು. ನೀವೆಲ್ಲ ದೊಡ್ಡ ಜಾಹೀರಾತಿನ ಬಗ್ಗೆ ಬರೆದಿದ್ದೀರಿ. ನಾನು ಸಣ್ಣದರ ಬಗ್ಗೆ ಹೇಳುತ್ತೇನೆ. ಸ್ವಾಧೀನ ಸೂಚನೆ.

ಮನೆ ಅಡವಿಟ್ಟು ಸಾಲ ಪಡೆದವರು ಕಟ್ಟಲಿಲ್ಲ ಅಂದರೆ, 2002ರ ಸರ್ಫೇಸಿ ಕಾಯಿದೆಯ ಕೆಳಗೆ ಬ್ಯಾಂಕು 60 ದಿನದ ನೋಟಿಸ್ ಕೊಡುತ್ತದೆ. ಆಮೇಲೆ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡರೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಒಂದು ಆ ಊರಿನ ಭಾಷೆಯದ್ದೇ ಆಗಿರಬೇಕು. ಅದರಲ್ಲಿ ಸಾಲಗಾರನ ಹೆಸರು, ಜಾಮೀನುದಾರರ ಹೆಸರು, ಬಾಕಿ ಎಷ್ಟು, ಮನೆಯ ಚಕ್ಕುಬಂದಿ ಎಲ್ಲ ಇರುತ್ತದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ. ಪೇಪರಿನವರು ಜಾಗದ ಅಳತೆಗೆ ತಕ್ಕಂತೆ ರೊಕ್ಕ ತೆಗೆದುಕೊಳ್ಳುತ್ತಾರೆ. ಅದಕ್ಕೇ ಅಕ್ಷರ ಎಷ್ಟು ಸಣ್ಣದು ಮಾಡಲು ಸಾಧ್ಯವೋ ಅಷ್ಟು ಸಣ್ಣದು ಮಾಡಿಸುತ್ತಾರೆ.

ಒಂದು ದಿನ ಅಂಥದ್ದೊಂದು ಸೂಚನೆ ಟೈಪ್ ಮಾಡುತ್ತಿದ್ದೆ. ಹೆಸರು ನೋಡಿದೆ. ನನ್ನ ಜೊತೆ ಏಳನೇ ಇಯತ್ತೆಯವರೆಗೆ ಕಲಿತವನು. ಚಕ್ಕುಬಂದಿ ಓದುವ ಅಗತ್ಯವೇ ಇರಲಿಲ್ಲ. ಆ ಮನೆಯ ಕಟ್ಟೆ ಮೇಲೆ ಕುಳಿತು ಚುರುಮುರಿ ತಿಂದವನು ನಾನು. ಜಾಮೀನುದಾರರ ಜಾಗದಲ್ಲಿ ಅವನ ತಾಯಿಯ ಹೆಸರು ಇತ್ತು. ಕೈ ಓಡಲಿಲ್ಲ. ಎದ್ದು ಹೊರಗೆ ಹೋಗಿ ಚಹಾ ಕುಡಿದು ಬಂದು ಮುಗಿಸಿದೆ. ಕೆಲಸ ಬಿಡಲು ಆಗುತ್ತದೆಯೇ?

ಅದೇ ಸಂಜೆ ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಗೃಹ ಸಾಲದ ಬಣ್ಣದ ಜಾಹೀರಾತು ತಯಾರಾಗುತ್ತಿತ್ತು. ಕನಸಿನ ಮನೆ ಅನ್ನುವ ತಲೆಬರಹ.

ಓದುಗಿ ಅಕ್ಕಾರ, ಸಾಲ ಅನ್ನುವ ಅಕ್ಷರ ಕಾಣುವುದಿಲ್ಲ ಅಂದಿರಲ್ಲ. ಅದು ಇಲ್ಲಿ ಇರುತ್ತದೆ. ಕೊಡುವಾಗ ಅದರ ಹೆಸರು ಲೋನ್, ಕನಸು. ಮನೆ ಹೋಗುವಾಗ ಸಾಲಗಾರ, ಸುಸ್ತಿದಾರ. ನಾನು ಇದನ್ನು ಕೈಯಾರೆ ಟೈಪ್ ಮಾಡುತ್ತೇನೆ, ಅದಕ್ಕೆ ಹೇಳುತ್ತಿದ್ದೇನೆ.

ಬ್ಯಾಡಗಿ ಅಣ್ಣ ಸಾಧಕರ ಕಥೆ ಅಂದರು. ಒಂದೇ ಲಾರಿಯಿಂದ 1976ರಲ್ಲಿ ಗದಗದಲ್ಲಿ ಶುರುವಾದ ವಿಆರ್‌ಎಲ್ ಕಥೆ ನಮ್ಮ ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಅದು ದೊಡ್ಡ ಸಾಧನೆ, ನಮಗೆಲ್ಲ ಹೆಮ್ಮೆ ಇದೆ. ಆದರೆ ಸಾಲ ಮಾಡಿ ಲಾರಿ ತಂದು, ಎರಡು ವರ್ಷಕ್ಕೆ ಕಳೆದುಕೊಂಡವರೂ ಇದೇ ಊರಿನಲ್ಲಿದ್ದಾರೆ. ಅವರೂ ಹಗಲು ರಾತ್ರಿ ದುಡಿದವರೇ. ಅವರ ಕಥೆ ಯಾವ ಪುರವಣಿಯಲ್ಲೂ ಬರುವುದಿಲ್ಲ.

ಧಾರವಾಡ ಮಾಸ್ತರ (ಸೋಮವಾರ ರಾತ್ರಿ)

ತಮ್ಮಾ, ನಿಮ್ಮ ಬರಹ ಎರಡು ಸಲ ಓದಿದೆ. ನಿಮ್ಮ ಗೆಳೆಯರ ಮನೆ ಉಳಿಯಿತೇ?

ಗದಗ ಡಿಟಿಪಿ (ಸೋಮವಾರ ರಾತ್ರಿ)

ಇಲ್ಲ ಸರ್. ಹರಾಜಾಯಿತು. ಅವರೆಲ್ಲ ಈಗ ಬೇರೆ ಊರಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಫೋನ್ ಮಾಡಿದರೆ ಮಾತಾಡುತ್ತಾನೆ. ಸೂಚನೆ ಟೈಪ್ ಮಾಡಿದ್ದು ನಾನೇ ಅಂತ ಇನ್ನೂ ಹೇಳಿಲ್ಲ.

ಸಪ್ತಾಪುರ ರೂಮ್ (ಮಂಗಳವಾರ ಬೆಳಿಗ್ಗೆ)

ನಾನು ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಊರು ಶಿಗ್ಗಾವಿ ಕಡೆ. ಎರಡು ಮಾತು ಅಷ್ಟೇ.

ನಮ್ಮ ಏರಿಯಾದ ಗೋಡೆ, ಕರೆಂಟ್ ಕಂಬ, ಆಟೋ ಹಿಂಭಾಗ, ನಾವು ಓದುವ ಪರೀಕ್ಷಾ ಪತ್ರಿಕೆಗಳ ರಕ್ಷಾಪುಟ, ಎಲ್ಲ ಕಡೆ ಆಯ್ಕೆಯಾದವರ ಫೋಟೋಗಳೇ. ಇಲ್ಲಿ ಸರ್ಕಾರಿ ನೌಕರಿ ಅಂದರೆ ಬರೀ ಪಗಾರ ಅಂತ ಅರ್ಥವಲ್ಲ. ಅಪ್ಪನ ಸಾಲ ತೀರುವುದು, ತಂಗಿಯ ಮದುವೆ, ಊರಲ್ಲಿ ಮರ್ಯಾದೆ ಎಲ್ಲ ಆ ಫೋಟೋದಲ್ಲಿ ಕಾಣುತ್ತದೆ. ಪೇಪರಿನ ವಧು-ವರ ಕಾಲಂ ಓದಿ ನೋಡಿ, ಅಲ್ಲಿಯೂ ಮೊದಲು ಬರುವ ಮಾತು ಸರ್ಕಾರಿ ನೌಕರಿ.

ಇನ್ನೊಂದು ರಮ್ಮಿ ಆಪುಗಳು. ನಮ್ಮ ರೂಮಿನ ಹುಡುಗರು ಓದುವ ಮೊಬೈಲ್‌ನಲ್ಲೇ ಅದರ ಜಾಹೀರಾತು ಬರುತ್ತಿತ್ತು. ಮನೆಯಿಂದ ಬಂದ ಮೆಸ್ಸಿನ ರೊಕ್ಕ ಅದರಲ್ಲಿ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಲ್ಲಿಸಿದರು ಅಂತ ಅಪ್ಪ ಹೇಳುತ್ತಾರೆ. ಅದಕ್ಕೂ ಮೊದಲು ಪೇಪರಿನಲ್ಲಿ ಲಾಟರಿ ಫಲಿತಾಂಶ ನೋಡಲು ಚಹಾದಂಗಡಿಯಲ್ಲಿ ಮಂದಿ ಕಾಯುತ್ತಿದ್ದರಂತೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟವನ್ನೂ, ಅದರ ಜಾಹೀರಾತನ್ನೂ ನಿಷೇಧಿಸಿತು. ಈ ನಡುವಿನ ವರ್ಷಗಳಲ್ಲಿ ಆ ಜಾಹೀರಾತಿನಲ್ಲಿ ನಕ್ಕ ದೊಡ್ಡ ದೊಡ್ಡ ಆಟಗಾರರು, ನಟರು ನಮ್ಮ ವಯಸ್ಸಿನವರ ಬಗ್ಗೆ ಒಂದು ಸಲವಾದರೂ ಯೋಚಿಸಬೇಕಿತ್ತು ಅಂತ ನನಗೆ ನೋವಿದೆ.

ಹಾವೇರಿ ಸಂಘದ ಅಕ್ಕ (ಮಂಗಳವಾರ ಮಧ್ಯಾಹ್ನ)

ಎಲ್ಲರ ಮಾತು ಓದಿದೆ. ನಾನು ನಮ್ಮೂರ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತೇನೆ. ನಮ್ಮಂಥವರಿಗೆ ಬಂದ ಸಾಲಕ್ಕೆ ಪೇಪರಿನಲ್ಲಿ ಜಾಹೀರಾತು ಬರಲೇ ಇಲ್ಲ. ಬೈಕಿನ ಮೇಲೆ ಹುಡುಗರು ಓಣಿಗೆ ಬಂದರು. ಹತ್ತು ಹೆಣ್ಣುಮಕ್ಕಳನ್ನು ಕೂಡಿಸಿ, ಒಬ್ಬರಿಗೊಬ್ಬರು ಜವಾಬ್ದಾರಿ ಅಂತ ಸಹಿ ಮಾಡಿಸಿಕೊಂಡರು. ಅವರಿಗೆ ಪೇಪರು ಬೇಕಾಗಲಿಲ್ಲ, ನಮ್ಮ ಒಬ್ಬರ ಮೇಲೊಬ್ಬರ ನಂಬಿಕೆಯನ್ನೇ ಬಳಸಿಕೊಂಡರು. ಮಾಸ್ತರ ಸರ್ ಹೇಳಿದ ಪತ್ತು ಅದೇ ಇರಬೇಕು. ವಾರದ ಕಂತು ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಮಂದಿ ಅವಳ ಬಾಗಿಲಿಗೆ ಹೋಗಬೇಕು. ಅಕ್ಕ ತಂಗಿಯರ ಹಾಗಿದ್ದವರು ಮಾತು ಬಿಟ್ಟರು.

2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿದರು. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಿರಿ, ನಮ್ಮ ಮಾಂಗಲ್ಯ ಉಳಿಸಿ ಅಂತ. ಆಗ ಎಲ್ಲ ಪೇಪರು, ಟಿವಿ ನಮ್ಮ ಕಡೆ ತಿರುಗಿದವು. ಮುಂದಿನ ತಿಂಗಳು ಸುಗ್ರೀವಾಜ್ಞೆ ಬಂತು. ತಾಳಿ ಬಿಚ್ಚುವ ತನಕ ನಮ್ಮ ಸಾಲ ಸುದ್ದಿ ಆಗಲಿಲ್ಲ.

ಇನ್ನು ಗೃಹಲಕ್ಷ್ಮಿ. ತಿಂಗಳಿಗೆ 2,000 ರೂಪಾಯಿ. ಅದರ ಲೇಖನಗಳನ್ನು ಗಮನಿಸಿ. ಗಜೇಂದ್ರಗಡ ಕಡೆಯ ಅತ್ತೆ ಸೊಸೆ ಈ ಹಣ ಕೂಡಿಸಿ ಕೊಳವೆಬಾವಿ ಕೊರೆಸಿದರು. ಬೆಳಗಾವಿ ಜಿಲ್ಲೆಯ ಒಬ್ಬ ಅಜ್ಜಿ ಊರಿಗೇ ಹೋಳಿಗೆ ಊಟ ಹಾಕಿದರು. ಓದಿ ನನಗೂ ಕಣ್ಣು ತುಂಬಿತು, ಅವರ ಮೇಲೆ ಗೌರವ ಇದೆ. ಆದರೆ ಆಮೇಲೆ ಒಂದು ಯೋಚನೆ ಬಂತು. ನಮ್ಮ ಕೈಗೆ ಬಂದ ಎರಡು ಸಾವಿರಕ್ಕೆ ಮಾತ್ರ ಎಲ್ಲರೂ ಲೆಕ್ಕ ಕೇಳುತ್ತಾರೆ. ಏನು ಮಾಡಿದೆ, ಎಲ್ಲಿ ಖರ್ಚು ಮಾಡಿದೆ, ಸೀರೆ ತಂದೆಯಾ. ಕೊಳವೆಬಾವಿ ಕೊರೆಸಿದರೆ ಮಾತ್ರ ಆ ರೊಕ್ಕಕ್ಕೆ ಮರ್ಯಾದೆ. ಬಿಪಿ ಗುಳಿಗೆ ತಂದೆ, ಮೊಮ್ಮಗನಿಗೆ ಬಾಳೆಹಣ್ಣು ತಂದೆ, ಒಂದು ದಿನ ತವರಿಗೆ ಹೋಗಿ ಬಂದೆ ಅಂದರೆ ಅದು ಸುದ್ದಿಯಲ್ಲ. ದೊಡ್ಡ ಕಂಪನಿಗೆ ತೆರಿಗೆ ಬಿಟ್ಟಾಗ ಆ ರೊಕ್ಕದಲ್ಲಿ ಏನು ಮಾಡಿದಿರಿ ಅಂತ ಅವರ ಮನೆ ಬಾಗಿಲಿಗೆ ಹೋಗಿ ಕೇಳಿದವರಿದ್ದಾರಾ?

ಬ್ಯಾಡಗಿ ಮೆಣಸಿನಕಾಯಿ (ಮಂಗಳವಾರ ಮಧ್ಯಾಹ್ನ)

ಅಕ್ಕಾ, ಈ ಮಾತನ್ನು ನಾನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಅವ್ವ "ಬರೆದಾಕಿ ಯಾರು, ನಮ್ಮ ಮನಿಗೆ ಊಟಕ್ಕ ಕರಿ" ಅಂದರು.

ಪಿಗ್ಮಿ ಕಾಲದವ (ಮಂಗಳವಾರ ಸಂಜೆ)

ನಾನು ನಿವೃತ್ತ ಬ್ಯಾಂಕ್ ನೌಕರ. ಸ್ವಲ್ಪ ಬ್ಯಾಂಕಿನ ಕಡೆಯಿಂದಲೂ ಹೇಳಬೇಕು.

ಸಾಲ ಅಂದರೆ ಕೆಟ್ಟದ್ದು ಅಂತ ನಾನು ಒಪ್ಪುವುದಿಲ್ಲ. 1969ರ ಜುಲೈ 19ಕ್ಕೆ 14 ಬ್ಯಾಂಕು ರಾಷ್ಟ್ರೀಕರಣವಾದ ಮೇಲೆ ಹಳ್ಳಿಗೆ ಬ್ಯಾಂಕು ಬಂತು. ಸಾವಕಾರನ ಬಡ್ಡಿಯಿಂದ ಎಷ್ಟೋ ಮನೆ ಬಿಡಿಸಿಕೊಂಡವು. ಬ್ಯಾಂಕ್ ಸಾಲದಿಂದ ಎಮ್ಮೆ ತಂದು ಮಕ್ಕಳನ್ನು ಓದಿಸಿದವರನ್ನು ನಾನು ಹೆಸರು ಹಿಡಿದು ಬಲ್ಲೆ. ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಠೇವಣಿ ನೋಡಿ. 1928ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ. ಏಜೆಂಟ್ ಮನೆ ಬಾಗಿಲಿಗೆ ಬರುತ್ತಿದ್ದ. 2020ರಲ್ಲಿ ಆ ಬ್ಯಾಂಕು ಕೆನರಾದಲ್ಲಿ ಸೇರಿಹೋಯಿತು, ಆದರೆ ಪಿಗ್ಮಿ ಅನ್ನುವ ಶಬ್ದ ಹುಬ್ಬಳ್ಳಿಯ ಪ್ರತಿ ಅಂಗಡಿಯಲ್ಲೂ ಉಳಿದಿದೆ. ಅದನ್ನು ಬೆಳೆಸಿದ್ದು ಜಾಹೀರಾತಿಗಿಂತ ಜಾಸ್ತಿ ಆ ಏಜೆಂಟನ ಮುಖ. ಹತ್ತು ವರ್ಷ ಒಂದೇ ಮನುಷ್ಯ, ಒಂದೇ ಹೊತ್ತಿಗೆ ಬರುತ್ತಿದ್ದ.

ಬಡ್ಡಿಯಿಲ್ಲದ ಕಂತಿನ ಬಗ್ಗೆ ಅಂಗಡಿಯವರು ಗಿರಾಕಿಗಳಿಗೆ ತಿಳಿಸಿ ಹೇಳಲಿ. ಶೂನ್ಯ ಬಡ್ಡಿ ಅನ್ನುವ ಮಾತೇ ತಪ್ಪು ದಾರಿಗೆ ಎಳೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಬಡ್ಡಿಯನ್ನು ಸಂಸ್ಕರಣಾ ಶುಲ್ಕ ಅನ್ನುವ ಹೆಸರಲ್ಲಿ ವಸೂಲಿ ಮಾಡುತ್ತಿದ್ದರು. ಈಗಲೂ ನಗದು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಅಂತ ಮೊದಲು ಕೇಳಿ. ಆ ರಿಯಾಯಿತಿ ಕಂತಿನವರಿಗೆ ಸಿಗದಿದ್ದರೆ ಅದೇ ಬಡ್ಡಿ.

ಕೊನೆಗೆ, ದುಪ್ಪಟ್ಟು ಅನ್ನುವ ಮಾತು. 1988ರಲ್ಲಿ ಕಿಸಾನ್ ವಿಕಾಸ ಪತ್ರ ಬಂದಾಗ ಐದೂವರೆ ವರ್ಷಕ್ಕೆ ಹಣ ದುಪ್ಪಟ್ಟು ಆಗುತ್ತಿತ್ತು. 2023ರಿಂದ ಅದಕ್ಕೆ 115 ತಿಂಗಳು ಬೇಕು. ಹಳೇ ಲೆಕ್ಕ ಮಂದಿಯ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೇ ಯಾರಾದರೂ ಬಂದು ಐದು ವರ್ಷಕ್ಕೆ ದುಪ್ಪಟ್ಟು ಅಂದರೆ ಬೇಗ ನಂಬುತ್ತಾರೆ. ನಂಬಿ ಕೆಟ್ಟವರು ಎಷ್ಟೋ ಮಂದಿ ನನ್ನ ಕೌಂಟರ್ ಮುಂದೆ ನಿಂತಿದ್ದರು.

ಹಳೇಹುಬ್ಬಳ್ಳಿ ಓದುಗಿ (ಮಂಗಳವಾರ ರಾತ್ರಿ)

ನಿವೃತ್ತರ ಕೊನೆಯ ಸಾಲು ಓದಿ ಇದನ್ನು ಬರೆಯಬೇಕು ಅನ್ನಿಸಿತು. ಮೊದಲ ದಿನವೇ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ.

ಟ್ರಂಕಿನ ತಳದಲ್ಲಿ ಒಂದು ಲಕೋಟೆ ಇತ್ತು. ಅದರಲ್ಲಿ ತೊಂಬತ್ತರ ದಶಕದ ಒಂದು ವಾರಪತ್ರಿಕೆಯಿಂದ ಕತ್ತರಿಸಿದ ಜಾಹೀರಾತು. ತೇಗದ ಗಿಡದ ಯೋಜನೆ. ಇಷ್ಟು ಸಾವಿರ ಕಟ್ಟಿ, ನಿಮ್ಮ ಹೆಸರಲ್ಲಿ ಗಿಡ ನೆಡುತ್ತೇವೆ, ಇಪ್ಪತ್ತು ವರ್ಷಕ್ಕೆ ಲಕ್ಷಗಟ್ಟಲೆ ಬರುತ್ತದೆ ಅಂತ. ದಟ್ಟ ಹಸಿರು ತೋಪಿನ ಚಿತ್ರ. ಜೊತೆಗೆ ಐದು ಸಾವಿರ ರೂಪಾಯಿಯ ರಸೀದಿ, ಅಪ್ಪನ ಹೆಸರಿನದು. ಆಗ ಅದು ಅವರಿಗೆ ಎರಡು ತಿಂಗಳ ಪಗಾರಕ್ಕಿಂತ ಜಾಸ್ತಿ.

ಕಂಪನಿ ಮುಚ್ಚಿತು. ಅಂಥ ಯೋಜನೆಗಳಿಗೆ ಶೇರು ಪೇಟೆ ನೋಡಿಕೊಳ್ಳುವ ಸೆಬಿ ನಿಯಮ ತಂದದ್ದು 1999ರಲ್ಲಿ. ಅಷ್ಟರಲ್ಲಿ ರೊಕ್ಕ ಹೋಗಿತ್ತು. ಅಪ್ಪ ಇದನ್ನು ಅಮ್ಮನಿಗೂ ಹೇಳಿರಲಿಲ್ಲ. ಅಮ್ಮ ಮೊನ್ನೆ ರಸೀದಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದರು. ಆಮೇಲೆ "ಅದಕ್ಕೇ ಆ ವರ್ಷ ದೀಪಾವಳಿಗೆ ತಮಗೆ ಅಂಗಿ ಹೊಲಿಸಲಿಲ್ಲ" ಅಂದರು.

ಅಪ್ಪ ದುರಾಸೆಯವರಾಗಿರಲಿಲ್ಲ. ನಾನು ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮೂವತ್ತು ವರ್ಷ ಪತ್ರಿಕೆ ಅವರಿಗೆ ಉಳಿಸು, ಮಕ್ಕಳ ನಾಳೆಗೆ ಕೂಡಿಡು ಅಂತ ಹೇಳಿತ್ತು. ಅವರು ನಂಬಿ ಹಾಗೇ ಬದುಕಿದರು. ಅದೇ ಹಾಳೆ, ಅದೇ ಅಕ್ಷರ, ಅದೇ ಮಗುವಿನ ಚಿತ್ರ ಇಟ್ಟುಕೊಂಡು ಈ ಜಾಹೀರಾತು ಬಂತು. ಲೇಖನಕ್ಕೂ ಜಾಹೀರಾತಿಗೂ ಅವರು ಭೇದ ಮಾಡಲಿಲ್ಲ. ಪತ್ರಿಕೆಯಲ್ಲಿ ಬಂದಿದೆ ಅಂದರೆ ಯಾರೋ ನೋಡಿ, ತೂಗಿ ಹಾಕಿರುತ್ತಾರೆ ಅಂತ ತಿಳಿದಿದ್ದರು. ಅಂಗಡಿ ಅಣ್ಣನ ಅಜ್ಜ ಲಕ್ಷ್ಮಿಗೆ ಕೇಳುತ್ತಿದ್ದ ಪತ್ತು ಇದೆಯಲ್ಲ, ಅಪ್ಪ ಅದನ್ನು ಅಚ್ಚಿನ ಅಕ್ಷರಕ್ಕೆ ಕೊಟ್ಟಿದ್ದರು. ಆ ಜಾಹೀರಾತು ಹಾಕಿದ ಪತ್ರಿಕೆ ಅದನ್ನು ಎಷ್ಟಕ್ಕೆ ಮಾರಿತು ಅಂತ ನನಗೆ ಸಿಟ್ಟಿದೆ.

ಮಾಸ್ತರ ಸರ್, ನೀವು ಕೇಳಿದ್ದು ಸರಿಯಾಗಿತ್ತು. ಕನ್ನಡಿ ನಮ್ಮ ಮನೆಯಲ್ಲೇ ತೂಗುಹಾಕಿತ್ತು. ನಾವು ಅದರಲ್ಲಿ ನಮ್ಮ ಮುಖ ನೋಡಿಕೊಂಡೆವು, ಹಾವೇರಿ ಅಕ್ಕನ ಓಣಿ ಕಾಣಲಿಲ್ಲ.

ಧಾರವಾಡ ಮಾಸ್ತರ (ಬುಧವಾರ ಬೆಳಿಗ್ಗೆ)

ತಂಗಿ, ಆ ರಸೀದಿ ಹರಿಯಬೇಡಿ. ಜಾಹೀರಾತನ್ನೂ ಜೋಪಾನ ಮಾಡಿ. ಕಥೆ, ಕವಿತೆಯನ್ನು ಎಲ್ಲರೂ ಕಾಪಾಡುತ್ತಾರೆ. ಜಾಹೀರಾತಿನ ಪುಟಗಳನ್ನು ಬೈಂಡ್ ಮಾಡಿಸುವಾಗ ಕಿತ್ತು ಎಸೆಯುವವರನ್ನು ನಾನು ನೋಡಿದ್ದೇನೆ.

ಗದಗ ಡಿಟಿಪಿ (ಬುಧವಾರ ಬೆಳಿಗ್ಗೆ)

ಅಕ್ಕಾರ, ಸ್ಕ್ಯಾನ್ ಮಾಡುವುದಿದ್ದರೆ ನಮ್ಮಲ್ಲಿ ದೊಡ್ಡ ಸ್ಕ್ಯಾನರ್ ಇದೆ. ರೊಕ್ಕ ಬೇಡ. ರವಿವಾರ ಬಿಡುವಿರುತ್ತದೆ. ಟ್ರಂಕು ಸಮೇತ ಬಂದರೂ ಆಯಿತು, ಬಸ್ ಸ್ಟ್ಯಾಂಡಿಗೆ ಬಂದು ಎತ್ತಿಕೊಳ್ಳುತ್ತೇನೆ.

ಹಳೇಹುಬ್ಬಳ್ಳಿ ಓದುಗಿ (ಬುಧವಾರ ಸಂಜೆ)

ಖಂಡಿತ ಬರುತ್ತೇನೆ ತಮ್ಮಾ. ಅಮ್ಮನೂ ಬರುತ್ತೇನೆ ಅನ್ನುತ್ತಿದ್ದಾರೆ.

ಒಂದು ಸಹಾಯ ಬೇಕು. ಅಪ್ಪ ವರ್ಷವಾರು ಕಟ್ಟಿಟ್ಟಿದ್ದಾರೆ. 1969ರ ಕಟ್ಟಿನಲ್ಲಿ ಜುಲೈನಿಂದ ಸೆಪ್ಟೆಂಬರ್ ತನಕದ ಸಂಚಿಕೆ ಇಲ್ಲ. ಬ್ಯಾಂಕು ರಾಷ್ಟ್ರೀಕರಣವಾದ ತಿಂಗಳುಗಳು. ಆಗ ಪುಟಗಳಲ್ಲಿ ಏನು ಬರೆದಿದ್ದರು, ಪಕ್ಕದಲ್ಲಿ ಯಾವ ಜಾಹೀರಾತು ಇತ್ತು ಅಂತ ನೋಡಬೇಕು. ಯಾರ ಮನೆಯಲ್ಲಾದರೂ ಇದೆಯಾ?

ಪಿಗ್ಮಿ ಕಾಲದವ (ಬುಧವಾರ ರಾತ್ರಿ)

ಆಗಸ್ಟ್ ತಿಂಗಳ ಕಸ್ತೂರಿ ನನ್ನ ಹತ್ತಿರ ಇದೆ. ರಟ್ಟು ಹೋಗಿದೆ, ಒಳಗಿನ ಹಾಳೆ ಚೆನ್ನಾಗಿವೆ. ನಾನು ಕೇಶ್ವಾಪುರದಲ್ಲಿರುತ್ತೇನೆ. ರವಿವಾರ ಗದಗಕ್ಕೆ ಹೊರಡುವ ಮುಂಚೆ ತಿಳಿಸಿ, ಸ್ಟೇಷನ್ನಿಗೆ ತಂದುಕೊಡುತ್ತೇನೆ.